ಮಗ್ಗದ ನಾಡಿ

ಬೀದಿಯಲ್ಲಿ ಅವಳನ್ನು ಕಂಡಿಕೆಯಮ್ಮ ಅನ್ನದವರಿಲ್ಲ. ಲಾಳಿಯ ಹೊಟ್ಟೆಯೊಳಗೆ ಕೂತು, ಅತ್ತಿಂದಿತ್ತ ಓಡಾಡುತ್ತಾ ಬಿಚ್ಚಿಕೊಳ್ಳುವ ನೂಲಿನ ಪುಟ್ಟ ಸುರುಳಿಗೆ ಕಂಡಿಕೆ ಅನ್ನುತ್ತಾರೆ. ಮದುವೆಯಾಗಿ ಬಂದ ವಾರದಲ್ಲೇ ಅತ್ತೆ ಅವಳನ್ನು ಕಂಡಿಕೆ ಸುತ್ತುವ ರಾಟೆಯ ಮುಂದೆ ಕೂರಿಸಿ, "ತಗೋ ತಾಯಿ, ಇನ್ಮೇಲೆ ಇದು ನಿನ್ನ ಪಾಲು" ಅಂದಿದ್ದಳು. ಅತ್ತೆ ಕಣ್ಣು ಮುಚ್ಚಿದಳು, ರಾಟೆಯ ಚಕ್ರ ಸವೆದು ಹೊಸದು ಬಂತು, ಇವಳ ಕೂದಲು ಬಿಳಿ ನೂಲಿನ ಬಣ್ಣಕ್ಕೆ ತಿರುಗಿತು. ಕೂತ ಜಾಗ ಮಾತ್ರ ಅದೇ. ಮುಂದಿನ ಕೋಣೆ ಪೂರ್ತಿ ಮಗ್ಗ ನುಂಗಿಕೊಂಡಿತ್ತು. ಉಳಿದ ಮೂಲೆಯಲ್ಲಿ ರಾಟೆ, ರಾಟೆಯ ಹಿಂದೆ ಇವಳು. ಗೋಡೆಯಾಚೆ ಮಲಗುವ ಕೋಣೆ, ಅದರಾಚೆ ಅಡುಗೆಮನೆ. ಮನೆಯೊಳಗೆ ಎಲ್ಲಿ ನಿಂತರೂ ಮಗ್ಗದ ಸದ್ದು ಕೇಳುತ್ತಿತ್ತು.

ನೇಯುತ್ತಿದ್ದವನು ಗಂಡ. ಅವನಿಗೆ ಬೀದಿ ಇಟ್ಟ ಹೆಸರು ಗಡಿಯಾರದಯ್ಯ. ಬಲಗೈ ಹಗ್ಗ ಎಳೆದರೆ ಲಾಳಿ ಓಡುತ್ತಿತ್ತು, ಎಡಗೈ ಹಲಗೆಯನ್ನು ಎಳೆದು ನೂಲು ಬಡಿಯುತ್ತಿತ್ತು. ಬೆಳಗ್ಗೆ ಹಿಡಿದ ತಾಳ ಸಂಜೆವರೆಗೂ ಒಂದೇ ಸಮ. ಎದುರುಮನೆಯ ಬಸ್ ಡ್ರೈವರು, "ಅಯ್ಯನ ಮಗ್ಗ ಕೇಳಿದ್ರೆ ನನ್ನ ಎಂಜಿನ್ನಿಗೇ ನಾಚಿಕೆ ಆಗುತ್ತೆ" ಅಂತಿದ್ದ. ಬಟ್ಟೆ ಕೊಳ್ಳುವ ಸಾಹುಕಾರನಂತೂ ಕಣ್ಣು ಮುಚ್ಚಿ ಬಟ್ಟೆಯ ಮೇಲೆ ಅಂಗೈ ಆಡಿಸಿ, "ಇದು ಅಯ್ಯನ ಕೈ" ಅಂತ ತಲೆದೂಗುತ್ತಿದ್ದ. ಬೇರೆ ಯಾರ ಬಟ್ಟೆಯೂ ಆತನಿಗೆ ಹಿಡಿಸುತ್ತಿರಲಿಲ್ಲ.

ಈಗ ಒಂದು ಗುಟ್ಟು ಹೇಳಬೇಕು, ಇಲ್ಲದಿದ್ದರೆ ಕತೆ ಮುಂದಕ್ಕೆ ಹೋಗುವುದಿಲ್ಲ. ಅಯ್ಯನ ಕೈ ಎಲ್ಲ ಸಲವೂ ಅಯ್ಯನ ಕೈ ಆಗಿರಲಿಲ್ಲ. ಮಗಳು ಇನ್ನೂ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಒಮ್ಮೆ ಅವನ ಮಣಿಕಟ್ಟು ಉಳುಕಿತು. ನಾಳೆ ಬಟ್ಟೆ ಕೊಡಬೇಕು, ಇನ್ನೂ ಒಂದು ಮೊಳ ಬಾಕಿ. ಕಂಡಿಕೆಯಮ್ಮ ರಾಟೆ ಬಿಟ್ಟು ಎದ್ದು, ಬಾಗಿಲು ಹಾಕಿ, ಮಗ್ಗದ ಮಣೆ ಹತ್ತಿ ಕೂತಳು. ಅಷ್ಟು ವರ್ಷ ಕಿವಿಯಲ್ಲಿ ತುಂಬಿಕೊಂಡಿದ್ದ ತಾಳ ಕೈಗೆ ತಾನಾಗಿ ಇಳಿಯಿತು. ಮರುದಿನ ಸಾಹುಕಾರ ಕಣ್ಣು ಮುಚ್ಚಿ ಅಂಗೈ ಆಡಿಸಿ, "ಅಯ್ಯನ ಕೈ ಅಂದ್ರೆ ಕೈ" ಅಂದಾಗ ಗಂಡ ಹೆಂಡತಿಯ ಕಡೆ ನೋಡಿ ಒಂದು ಕಣ್ಣು ಮಿಟುಕಿಸಿದ. ಆಮೇಲೆ ಅವನಿಗೆ ಬೆನ್ನು ನೋವು, ಜ್ವರ ಅಂತ ಬಂದಾಗೆಲ್ಲ, ಮಗಳು ಚೀಲ ಹೆಗಲಿಗೇರಿಸಿ ಮೂಲೆ ತಿರುಗಿದ ಮೇಲೆ, ಇವಳು ಮಣೆ ಹತ್ತುತ್ತಿದ್ದಳು. ಸಾಹುಕಾರನಿಗೆ ತಿಳಿದರೆ ಬಟ್ಟೆ ವಾಪಸ್ಸು ಮಾಡುತ್ತಾನೆ. ಮಗಳಿಗೆ ತಿಳಿದರೆ ಬೀದಿಗೆಲ್ಲ ತಿಳಿಯುತ್ತದೆ. ಅವಳ ಬಾಯಲ್ಲಿ ಎಳ್ಳು ನೆನೆಯುತ್ತಿರಲಿಲ್ಲ. ಹಾಗಾಗಿ ಗುಟ್ಟು ಗಂಡ ಹೆಂಡಿರ ನಡುವೆಯೇ ಉಳಿಯಿತು.

"ನನ್ನದು ಎಲ್ಲಿ ನಿಂತಿತು, ನಿನ್ನದು ಎಲ್ಲಿ ಶುರುವಾಯ್ತು ಅಂತ ನನಗೇ ಗೊತ್ತಾಗಲ್ಲ ಕಣೇ" ಅಂತಿದ್ದ ಅವನು. ಅವನ ಬಾಯಿಂದ ಬರುತ್ತಿದ್ದ ಹೊಗಳಿಕೆ ಅಷ್ಟೇ. ಅದನ್ನೇ ಅವಳು ವರ್ಷಾನುಗಟ್ಟಲೆ ಜೋಪಾನವಾಗಿ ಇಟ್ಟುಕೊಂಡಿದ್ದಳು.

ಇಂಥ ಗಡಿಯಾರದಯ್ಯ ಒಂದು ದಿನ ನೂಲಿನ ಅಂಗಡಿಯ ಮೆಟ್ಟಿಲ ಮೇಲೆ ಕಣ್ಣು ಕತ್ತಲೆ ಬಂದು ಕೂತುಬಿಟ್ಟ. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಎದೆಗೆ ವೈರು ಹಚ್ಚಿ, ಕಾಗದದ ಮೇಲೆ ಗೆರೆ ತೆಗೆದು ನೋಡಿದರು. "ಇವರ ಹೃದಯ ಒಮ್ಮೊಮ್ಮೆ ತಾಳ ತಪ್ಪುತ್ತೆ. ಮಾತ್ರೆ ತಪ್ಪಿಸಬೇಡಿ. ಎದೆ ಪಟಪಟ ಅಂತ ಓಡೋಕೆ ಶುರುವಾದ್ರೆ ಕಾಯಬೇಡಿ, ಸೀದಾ ಇಲ್ಲಿಗೆ ಬನ್ನಿ" ಅಂದರು. ಲೋಕಕ್ಕೆಲ್ಲ ತಾಳ ಹಾಕಿಕೊಟ್ಟವನ ಎದೆಯೊಳಗೇ ತಾಳವಿಲ್ಲ! ಬೀದಿಯವರು ಈ ಮಾತನ್ನೇ ಹಿಂದೆ ಮುಂದೆ ತಿರುಗಿಸಿ ನಕ್ಕರು. ಅವನೂ ನಕ್ಕ. ಕಂಡಿಕೆಯಮ್ಮನಿಗೆ ಮಾತ್ರ ನಗು ಬರಲಿಲ್ಲ.

ಮಗಳಿಗೆ ಆಗ ಊರೊಳಗಿನ ಫೋನು, ವಾಚು ಮಾರುವ ಅಂಗಡಿಯಲ್ಲಿ ಕೆಲಸ. ಅಪ್ಪ ಅಂದರೆ ಪ್ರಾಣ. ಅಂಗಡಿಯಿಂದ ಕೈಗೆ ಕಟ್ಟುವ ಒಂದು ವಾಚು ತಂದಳು. ಗಂಟೆ ತೋರಿಸುವುದು ಅದರ ಚಿಲ್ಲರೆ ಕೆಲಸ, ಅಸಲು ಕೆಲಸ ನಾಡಿ ಎಣಿಸುವುದು. ಬೆನ್ನ ಹಿಂದೆ ಹಸಿರು ಬೆಳಕು ಮಿಣಮಿಣ ಅನ್ನುತ್ತದೆ, ಚರ್ಮದೊಳಗೆ ರಕ್ತ ಓಡುವುದನ್ನು ನೋಡಿ ಲೆಕ್ಕ ಹಾಕುತ್ತದೆ, ಆ ಲೆಕ್ಕ ಮಗಳ ಫೋನಿನಲ್ಲಿ ಕಾಣುತ್ತದೆ. ಪುಟ್ಟ ಕೆಂಪು ಹೃದಯ, ಅದರ ಪಕ್ಕ ಒಂದು ಸಂಖ್ಯೆ, ಮೇಲೆ "ಅಪ್ಪ" ಅಂತ ಹೆಸರು.

"ನಾನು ಅಂಗಡೀಲಿ ಕೂತೇ ನಿನ್ನ ಎದೆ ನೋಡ್ತಿರ್ತೀನಿ, ಅಪ್ಪಾ" ಅಂದಳು.

"ನಿಮ್ಮಮ್ಮ ಇಷ್ಟು ವರ್ಷ ಎದುರಿಗೇ ಕೂತಿದ್ದಾಳೆ, ಅವಳಿಗೇ ಕಂಡಿಲ್ಲ" ಅಂದ ಅವನು. ಆದರೂ ಕೈ ಚಾಚಿದ. ಮಗಳು ಕಟ್ಟಿದಳು.

ನೇಕಾರನ ಕೈ ಬರಿಗೈಯಾಗಿರಬೇಕು. ಉಂಗುರ ಇರಬಾರದು, ಅಂಗಿಯ ತೋಳು ಸಹ ಮೊಣಕೈ ದಾಟಬಾರದು. ಮಗ್ಗದ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳು ಕೂದಲಿನಷ್ಟು ಸಪೂರ. ಏನಾದರೂ ಚೂಪಾದದ್ದು ತಾಗಿದರೆ ಪಟ್ ಅಂತ ಹರಿಯುತ್ತವೆ. ವಾಚಿನ ಬಕಲ್ಲು ಮೊದಲ ದಿನವೇ ನಾಲ್ಕಾರು ಎಳೆ ತಿಂದಿತು. ಗೊಣಗುತ್ತಾ ಗಂಟು ಹಾಕಿದ. ಮರುದಿನ ಮತ್ತೆ ಅದೇ. ಆಗ ವಾಚು ಬಿಚ್ಚಿ, ಎಡಗೈಯಲ್ಲಿ ಹಿಡಿಯುವ ಹಲಗೆಯ ಹಿಡಿಗೆ ಹಳೆ ಬಟ್ಟೆಯ ತುಂಡನ್ನು ಮಣಿಕಟ್ಟಿನ ದಪ್ಪಕ್ಕೆ ಸುತ್ತಿ, ಅದರ ಮೇಲೆ ಬಿಗಿದ. ಕಳೆದುಹೋಗದಿರಲಿ ಅಂತ ಅಷ್ಟೇ, ಬೇರೇನೂ ಉದ್ದೇಶವಿರಲಿಲ್ಲ. ಒಂದಷ್ಟು ಹೊತ್ತು ನೇಯ್ದು ಆ ಕಡೆ ನೋಡಿದವನು ಹಲಗೆ ಹಿಡಿದೇ ಕೂಗಿದ.

"ಲೇ, ಇಲ್ಲಿ ಬಾ. ಈ ಮರಕ್ಕೆ ಜೀವ ಇದೆಯಂತೆ."

ಅವಳು ಬಂದು ಬಗ್ಗಿ ನೋಡಿದಳು. ಹಲಗೆಯ ಹಿಡಿಯ ಮೇಲೆ ಕೆಂಪು ಹೃದಯ ಕುಣಿಯುತ್ತಿತ್ತು. ಪಕ್ಕದಲ್ಲಿ ಎಪ್ಪತ್ತಾರು. ಅವನು ಬಡಿತ ಬಿರುಸು ಮಾಡಿದ. ಸ್ವಲ್ಪ ಹೊತ್ತಿಗೆ ಸಂಖ್ಯೆ ಏರಿತು. ನಿಧಾನ ಮಾಡಿದ, ಇಳಿಯಿತು. ಕೈ ಅಲುಗುವುದನ್ನೇ ಅದು ನಾಡಿ ಅಂದುಕೊಂಡಿತ್ತು.

"ಅಯ್ಯೋ, ಮಂಕು ಮುಂಡೇದೇ" ಅಂದಳು ಕಂಡಿಕೆಯಮ್ಮ ವಾಚಿಗೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂಥ ನಗು ಆ ಮನೆಯಲ್ಲಿ ಎಷ್ಟೋ ಕಾಲದಿಂದ ಬಂದಿರಲಿಲ್ಲ.

ಅಂದಿನಿಂದ ಅದೇ ರೂಢಿಯಾಯಿತು. ಹಗಲು ವಾಚು ಹಲಗೆಗೆ. ಸಂಜೆ ಡ್ರೈವರಿನ ಬಸ್ಸು ಮೂಲೆಯಲ್ಲಿ ಹಾರ್ನ್ ಹಾಕಿದರೆ ಮಗಳು ಇಳಿದಳು ಅಂತ ಅರ್ಥ, ಆಗ ಕೈಗೆ. ಮಗಳು ಒಳಗೆ ಬಂದವಳೇ, "ಇವತ್ತೆಲ್ಲ ಎಪ್ಪತ್ತಾರು! ಗಡಿಯಾರ ಅಂದ್ರೆ ಗಡಿಯಾರ" ಅಂತ ಅಪ್ಪನ ಬೆನ್ನು ತಟ್ಟುತ್ತಿದ್ದಳು. ಅಂಗಡಿಯಲ್ಲಿ ಗಿರಾಕಿಗಳಿಗೂ ತೋರಿಸುತ್ತಿದ್ದಳಂತೆ. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡು ತುಟಿ ಕಚ್ಚುತ್ತಿದ್ದರು.

ತಮಾಷೆ ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ರಾತ್ರಿ ಮಲಗಿದಾಗ ವಾಚು ನಿಜವಾಗಿ ಅವನ ಕೈಮೇಲೆ ಇರುತ್ತಿತ್ತು. ಆಗ ಅದು ತೋರಿಸುತ್ತಿದ್ದ ಸಂಖ್ಯೆಗಳಿಗೆ ತಲೆಯಿಲ್ಲ ಬುಡವಿಲ್ಲ. ಒಂದು ಗಳಿಗೆ ನೂರು ದಾಟಿದರೆ ಇನ್ನೊಂದು ಗಳಿಗೆ ಐವತ್ತು. ಮಗಳು ಅದನ್ನು ನೋಡಿ, "ಮಲಗಿದಾಗ ಪಟ್ಟಿ ಸಡಿಲ ಆಗುತ್ತೆ, ಅದಕ್ಕೇ ಹುಚ್ಚುಹುಚ್ಚಾಗಿ ತೋರಿಸುತ್ತೆ. ಹಗಲಿನದು ನೋಡಮ್ಮಾ, ಅದು ಸರಿ" ಅಂದಳು. ಮರದ ನಾಡಿ ಸರಿ, ಮನುಷ್ಯನ ನಾಡಿ ತಪ್ಪು! ಎಂಥಾ ನ್ಯಾಯ ನೋಡಿ. ಮಗಳು ಡಾಕ್ಟರಮ್ಮನಿಗೆ ಫೋನ್ ಮಾಡಿದಾಗ ಅವರು, "ಆ ವಾಚನ್ನೇ ನಂಬಿ ಕೂರಬೇಡಿ, ಒಂದು ಸಲ ಕರ್ಕೊಂಡು ಬನ್ನಿ, ಗೆರೆ ತೆಗೆದು ನೋಡೋಣ" ಅಂದರಂತೆ. ಹೋಗೋಣ ಅಂತಲೇ ಇತ್ತು. ಆದರೆ ಹೋಟೆಲ್ಲೊಂದಕ್ಕೆ ಮೇಜಿನ ಬಟ್ಟೆ ನೇಯ್ದು ಕೊಡುವ ಕೆಲಸ ಮಗ್ಗದ ಮೇಲಿತ್ತು. ಅದು ಮುಗಿಯಲಿ ಅಂದ ಅವನು.

ಕಂಡಿಕೆಯಮ್ಮ ರಾಟೆ ನಿಲ್ಲಿಸಿ ಅಂದಳು: "ಅವಳಿಗೆ ಹೇಳಿಬಿಡೋಣ ಕಣ್ರೀ. ವಾಚು ಇರೋದು ಹಲಗೆ ಮೇಲೆ ಅಂತ."

"ಹೇಳಿದ್ರೆ ಕೈಗೇ ಕಟ್ಟಿಸ್ತಾಳೆ. ಎಳೆ ಹರಿಯುತ್ತೆ. ಈ ಬಟ್ಟೆ ಒಂದು ಇಳೀಲಿ, ನಾನೇ ಹೇಳ್ತೀನಿ."

ಅವಳು ಮತ್ತೆ ರಾಟೆ ತಿರುಗಿಸಿದಳು. ಸುಮ್ಮನಾಗುವುದು ಅವಳಿಗೆ ಅಭ್ಯಾಸವಾಗಿತ್ತು.

ನಡುವೆ ಒಂದು ದಿನ ಹಾಸಿನ ಎಳೆಗಳು ಗೋಜಲಾಗಿ, ಬಿಡಿಸುತ್ತಾ ಕೂತು ಮಗ್ಗ ನಿಂತಿತು. ಮಗಳ ಫೋನಿನಲ್ಲಿ ಸಂಖ್ಯೆ ಮಾಯವಾಗಿ ಎರಡು ಗೀಟು ಬಂತು. ಗಿರಾಕಿಯನ್ನು ಅರ್ಧಕ್ಕೆ ಬಿಟ್ಟು, ಆಟೋ ಹಿಡಿದು, ಏದುಸಿರು ಬಿಡುತ್ತಾ ಬಂದಳು. ಅಷ್ಟರಲ್ಲಿ ಅವನು ವಾಚನ್ನು ಕೈಗೆ ಸಿಕ್ಕಿಸಿಕೊಂಡು, "ಬಿಚ್ಚಿಟ್ಟು ಮುಖ ತೊಳೀತಿದ್ದೆ ಮಗಾ" ಅಂದ. ಅಂಗಡಿಯ ಮಾಲೀಕ ಅವಳಿಗೆ ಬಾಯಿಗೆ ಬಂದಂತೆ ಬೈದನಂತೆ. ಇನ್ನೊಂದು ಸಲ ಹೀಗೆ ಎದ್ದು ಹೋದರೆ ವಾಪಸ್ ಬರಬೇಡ ಅಂದನಂತೆ. ಇದು ಅಪ್ಪನ ಮನಸ್ಸಿನಲ್ಲಿ ಮುಳ್ಳಿನ ಹಾಗೆ ನಾಟಿತು.

ಆ ದಿನದ ಮಾತಿಗೆ ಬರುತ್ತೇನೆ. ಅಂಗಡಿಯವರು ಇನ್ನೊಂದು ಕಡೆ ಹೊಸ ಅಂಗಡಿ ತೆರೆಯುವವರಿದ್ದರು. ಅದನ್ನು ಯಾರು ನೋಡಿಕೊಳ್ಳಬೇಕು ಅಂತ ಆರಿಸಲು ದೊಡ್ಡ ಯಜಮಾನರು ಬರುವ ದಿನ. ಮಗಳು ಇಸ್ತ್ರಿ ಬಟ್ಟೆ ಹಾಕಿಕೊಂಡು, ಬಾಗಿಲಲ್ಲಿ ನಿಂತು ಹೇಳಿದಳು:

"ಅಪ್ಪಾ, ಅವರ ಮುಂದೆ ಕೂತಿರ್ತೀನಿ, ಫೋನ್ ಮಾಡಕ್ಕಾಗಲ್ಲ. ಆದ್ರೆ ಒಂದು ಕಣ್ಣು ನಿನ್ನ ನಂಬರ್ ಮೇಲೇ ಇರುತ್ತೆ."

"ಎರಡೂ ಕಣ್ಣು ಅವರ ಮೇಲಿಡು. ನಾನೆಲ್ಲಿ ಓಡಿಹೋಗ್ತೀನಿ" ಅಂದ ಅವನು.

ಬಸ್ಸು ಹೋದ ಮೇಲೆ ಮಗ್ಗ ಶುರುವಾಯಿತು. ಕಂಡಿಕೆಯಮ್ಮ ರಾಟೆ ತಿರುಗಿಸುತ್ತಾ ಕೂತಿದ್ದಳು. ಸ್ವಲ್ಪ ಹೊತ್ತಿಗೆ ಹಲಗೆ ಒಂದು ಬಡಿತ ತಡವಾಗಿ ಬಿತ್ತು. ಅವಳ ಕೈ ತಟ್ಟನೆ ನಿಂತಿತು. ಅಷ್ಟು ವರ್ಷದಲ್ಲಿ ಅವಳ ಕಿವಿ ಇಂಥದ್ದನ್ನು ಕೇಳಿರಲಿಲ್ಲ. ತಲೆ ಎತ್ತಿ ನೋಡಿದರೆ ಅವನು ಎದೆಯ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದ. ಹಣೆಯ ಮೇಲೆ ಬೆವರು.

"ಏನ್ರೀ?"

"ಎದೆಯೊಳಗೆ ಲಾಳಿ ದಾರಿ ತಪ್ಪಿ ಓಡ್ತಿರೋ ಹಾಗಿದೆ ಕಣೇ."

"ಏಳಿ, ಆಸ್ಪತ್ರೆಗೆ ಹೋಗೋಣ. ಮಗಳಿಗೆ ಫೋನ್ ಮಾಡ್ತೀನಿ."

"ಮಾಡಬೇಡ." ಅವನು ಅವಳ ಕೈ ಹಿಡಿದುಕೊಂಡ. "ಇವತ್ತೊಂದು ದಿನ ಬೇಡ. ಎದ್ದು ಓಡಿ ಬಂದ್ರೆ ಅವಳ ಕೈಗೆ ಬಂದ ತುತ್ತು ಬಾಯಿಗೆ ಬರಲ್ಲ. ಮಾತ್ರೆ ಕೊಡು, ಸ್ವಲ್ಪ ಹೊತ್ತು ಮಲಗ್ತೀನಿ. ಹಿಂದೆಯೂ ಹೀಗೇ ಆಗಿ ತಾನೇ ಸರಿಹೋಗಿತ್ತು."

"ಹಿಂದೆ ಯಾವಾಗ? ನನಗೆ ಹೇಳೇ ಇಲ್ವಲ್ರೀ."

ಅವನು ಹಲಗೆಯ ಕಡೆ ನೋಡಿದ. ಕೆಂಪು ಹೃದಯ ಮಸುಕಾಗುತ್ತಿತ್ತು. "ಮೊದಲು ನೀನು ಮಣೆ ಹತ್ತು. ಅದು ನಿಂತ್ರೆ ಅವಳು ಹೊರಟುಬರ್ತಾಳೆ. ಅವಳ ಫೋನ್ ಬರೋವರೆಗೆ ನೇಯಿ. ಆಮೇಲೆ ನೀನು ಎಲ್ಲಿಗೆ ಕರೆದ್ರೆ ಅಲ್ಲಿಗೆ ಬರ್ತೀನಿ."

ಅವಳು ಅವನನ್ನು ಹಾಸಿಗೆಯವರೆಗೆ ನಡೆಸಿ, ಮಾತ್ರೆ ಕೊಟ್ಟು, ತಲೆದಿಂಬು ಎತ್ತರಿಸಿ, ಓಡಿ ಬಂದು ಮಣೆ ಹತ್ತಿದಳು. ಗಂಡನ ಮಾತು ಕೇಳಿದ್ದು ಸರಿಯೋ ತಪ್ಪೋ ಅಂತ ಯೋಚಿಸಲು ಅವಳಿಗೆ ಪುರಸೊತ್ತಿರಲಿಲ್ಲ. ಹಗ್ಗ ಎಳೆದಳು, ಹಲಗೆ ಬಡಿದಳು. ಹೃದಯ ಮತ್ತೆ ಕೆಂಪಾಯಿತು. ಎಪ್ಪತ್ತೊಂದು, ಎಪ್ಪತ್ನಾಲ್ಕು, ಎಪ್ಪತ್ತಾರು.

"ಹೆಂಗಿದೆ ಈಗ?" ಅಂತ ಗೋಡೆಯಾಚೆಗೆ ಕೂಗಿದಳು.

"ಪರವಾಗಿಲ್ಲ."

"ಡ್ರೈವರಿನ ಹೆಂಡತಿಯನ್ನಾದ್ರೂ ಕರೀಲಾ?"

"ಅವಳ ಬಾಯಿ ನಿನಗೆ ಗೊತ್ತಿಲ್ವಾ? ಮಗಳಿಗೆ ಮೊದಲು ಅವಳೇ ಹೇಳ್ತಾಳೆ." ಆಮೇಲೆ, "ಈಗ ಸಾಹುಕಾರ ಬಂದ್ರೆ ಏನಂತಾನೆ ಹೇಳು" ಅಂದ.

"ಅಯ್ಯನ ಕೈ ಅಂತಾನೆ."

ಗೋಡೆಯಾಚೆಯಿಂದ ಸಣ್ಣಗೆ ನಗು ಕೇಳಿಸಿತು. ಅವಳಿಗೆ ಜೀವ ಬಂದಂತಾಯಿತು. ನಗುವವನಿಗೆ ಏನಾದೀತು ಅಂದುಕೊಂಡಳು. ಆಮೇಲೊಮ್ಮೆ ಕಂಡಿಕೆ ಬದಲಿಸಲು ಕೈ ನಿಲ್ಲಿಸಿದಾಗ ಒಳಗಿಂದ ಮಾತು ಬಂತು, ಮೊದಲಿಗಿಂತ ಮೆಲ್ಲಗೆ:

"ನಿಲ್ಲಿಸಬೇಡ ಕಣೇ. ನಿನ್ನ ಸದ್ದು ಕೇಳ್ತಿದ್ರೆ ನನ್ನ ಎದೆಯೂ ಅದರ ಹಿಂದೆ ದಾರಿಗೆ ಬರುತ್ತೆ ಅನ್ಸುತ್ತೆ."

ಅವಳು ನಿಲ್ಲಿಸಲಿಲ್ಲ. ಮತ್ತೊಮ್ಮೆ ಕೂಗಿ ಕೇಳಿದಾಗ ಉತ್ತರ ಬರಲಿಲ್ಲ. ನಿದ್ದೆ ಹತ್ತಿತು, ಮಾತ್ರೆ ಕೆಲಸ ಮಾಡಿತು ಅಂದುಕೊಂಡಳು. ಎದ್ದು ಹೋಗಿ ನೋಡಬೇಕು ಅಂತ ಒಂದು ಸಲ ಕಾಲು ಕೆಳಗಿಟ್ಟಳು ಕೂಡ. ಸದ್ದು ನಿಂತರೆ ಎಚ್ಚರವಾದೀತು, ಪಾಪ, ಮಲಗಲಿ. ಕಾಲು ಮತ್ತೆ ಮೇಲಕ್ಕೆತ್ತಿಕೊಂಡಳು. ಹಲಗೆಯನ್ನು ಇನ್ನೂ ಹಗುರವಾಗಿ, ಇನ್ನೂ ಸಮವಾಗಿ ಬಡಿಯತೊಡಗಿದಳು. ಮಗುವನ್ನು ತೂಗುವ ಹಾಗೆ ತೂಗಿದಳು. ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಅವಳು ನೇಯ್ದಿರಲಿಲ್ಲ.

ಮಧ್ಯಾಹ್ನ ಫೋನ್ ಬಂತು. ಅವಳು ಎಡಗೈಯಲ್ಲಿ ಹಲಗೆ ತೂಗುತ್ತಲೇ ಬಲಗೈಯಲ್ಲಿ ಫೋನ್ ಎತ್ತಿದಳು.

"ಅಮ್ಮಾ, ನನಗೇ ಸಿಕ್ತು. ಹೊಸ ಅಂಗಡಿ ನನ್ನ ಕೈಗೇ ಕೊಟ್ರು." ಮಗಳು ಅಳುತ್ತಿದ್ದಳೋ ನಗುತ್ತಿದ್ದಳೋ ಗೊತ್ತಾಗಲಿಲ್ಲ. "ಅಪ್ಪಂಗೆ ಹೇಳು. ಇಗೋ, ನೋಡ್ತಾ ಇದ್ದೀನಿ, ಎಪ್ಪತ್ತಾರು. ಈ ಸುದ್ದಿ ಕೇಳಿ ಎಷ್ಟಾಗುತ್ತೆ ನೋಡೋಣ, ಹೋಗಿ ಹೇಳಮ್ಮಾ."

ಕಂಡಿಕೆಯಮ್ಮ ಹಲಗೆ ಬಿಟ್ಟು ಇಳಿದಳು. ಫೋನ್ ಕೈಯಲ್ಲೇ ಹಿಡಿದು ಒಳಗೆ ಹೋದಳು. ಅವನು ಗೋಡೆಯ ಕಡೆ ಮುಖ ಮಾಡಿ, ಒಂದು ಕೈ ಗೋಡೆಗೆ ಆನಿಸಿ ಮಲಗಿದ್ದ. "ರೀ" ಅಂತ ಭುಜ ಮುಟ್ಟಿದಳು. ಭುಜ ತಣ್ಣಗಿತ್ತು. ಕೈ ಆಗಲೇ ಬಿಗಿದುಕೊಂಡಿತ್ತು. ಎಷ್ಟು ಹೊತ್ತಿನಿಂದ ಹಾಗೆ ಮಲಗಿದ್ದನೋ.

"ಅಮ್ಮಾ? ಹೇಳಿದ್ಯಾ?" ಅಂತಿತ್ತು ಫೋನು. "ಅಮ್ಮಾ, ನಂಬರ್ ಹೋಯ್ತು. ಅಮ್ಮಾ?"

ಮಗಳು ಬರುವಷ್ಟರಲ್ಲಿ ಅವಳು ಮಾಡಿದ್ದು ಒಂದೇ ಕೆಲಸ. ಯಾಕೆ ಮಾಡಿದಳು ಅಂತ ಕೇಳಿದರೆ ಅವಳಿಗೂ ಹೇಳಲು ಬರುವುದಿಲ್ಲ. ದಿಕ್ಕು ತೋಚದವರು ಏನು ಮಾಡುತ್ತಾರೋ ಅವರಿಗೇ ತಿಳಿಯದು. ಹಲಗೆಯಿಂದ ವಾಚು ಬಿಚ್ಚಿ ತಂದು ಗಂಡನ ಮಣಿಕಟ್ಟಿಗೆ ಕಟ್ಟಿದಳು. ಹಸಿರು ಬೆಳಕು ಒಂದಷ್ಟು ಹೊತ್ತು ಮಿಣಮಿಣ ಹುಡುಕಾಡಿತು. ಆಮೇಲೆ ಎರಡು ಗೀಟು ತೋರಿಸಿತು. ಹಗಲು ಹೊತ್ತಿನಲ್ಲಿ ಅದು ಹೇಳಿದ ಮೊದಲ ನಿಜ ಅದೇ.

ಮಗಳು ಬಂದು ಅಪ್ಪನ ಕಾಲ ಬಳಿ ಕುಸಿದಳು. ಅತ್ತು ಅತ್ತು ಸುಸ್ತಾದ ಮೇಲೆ, "ಅಮ್ಮಾ, ನಾನು ಹೇಳಿದ್ದು ಅಪ್ಪ ಕೇಳಿಸಿಕೊಂಡ್ರಾ?" ಅಂತ ಕೇಳಿದಳು. "ನಂಬರ್ ನಿಂತಿದ್ದು ನೀನು ಒಳಗೆ ಹೋದ ಮೇಲೆ. ಅಲ್ಲೀವರೆಗೂ ಚೆನ್ನಾಗಿತ್ತು. ನೀನು ಹೇಳಿದ್ಯಲ್ವಾ? ಕೇಳಿಸಿಕೊಂಡ್ರಲ್ವಾ?"

"ಹೂಂ" ಅಂದಳು ಕಂಡಿಕೆಯಮ್ಮ. "ಕೇಳಿಸಿಕೊಂಡ್ರು."

ಆ ಒಂದು "ಹೂಂ" ಬಿಸಿತುಪ್ಪದ ಹಾಗೆ ಅವಳ ಬಾಯಲ್ಲಿ ಉಳಿಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಬಂದವರಿಗೆಲ್ಲ ಮಗಳು ಅದನ್ನೇ ಹೇಳಿದಳು. ಅಪ್ಪನ ಎದೆ ಕೊನೆವರೆಗೂ ಒಂದೇ ಸಮ ಇತ್ತು, ನೋವು ಅಂತ ಒಂದು ಗಳಿಗೆಯೂ ಪಡಲಿಲ್ಲ, ನನಗೆ ಕೆಲಸ ಸಿಕ್ಕಿದ್ದು ಕೇಳಿ ಸಂತೋಷದಲ್ಲಿ ಹೋದರು. ಫೋನಿನಲ್ಲಿ ಆ ಬೆಳಗಿನ ಗೆರೆ ತೋರಿಸುತ್ತಿದ್ದಳು. ದಾರ ಎಳೆದಂತೆ ನೇರವಾದ ಗೆರೆ, ಮಧ್ಯಾಹ್ನ ಕತ್ತರಿಸಿದಂತೆ ನಿಂತಿತ್ತು. ಅದು ತನ್ನ ಕೈಯ ಗೆರೆ ಅಂತ ತಾಯಿಗೆ ಗೊತ್ತಿತ್ತು. ಒಬ್ಬಳೇ ಇದ್ದಾಗ ಅವಳು ಗೋಡೆಗೆ ತಲೆ ಆನಿಸಿ ಅಳುತ್ತಿದ್ದಳು. ಅವನು ಗೋಡೆಗೆ ಕೈ ಆನಿಸಿದ್ದು ನನ್ನನ್ನು ಕರೆಯಲೇ ಇರಬೇಕು, ಬಡಿದಿದ್ದನೋ ಏನೋ, ನನ್ನ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ ಅಂತ ಅಳುತ್ತಿದ್ದಳು. ಮಗ್ಗದ ಮೇಲೆ ಅರ್ಧ ನೇಯ್ದ ಬಟ್ಟೆ ಹಾಗೇ ಇತ್ತು. ವಾಚು ಮೊಳೆಗೆ ನೇತಾಡುತ್ತಿತ್ತು. ಮಗಳು ಅದನ್ನು ಆಗಾಗ ಚಾರ್ಜಿಗೆ ಹಾಕುತ್ತಿದ್ದಳು.

ಹೇಳಬೇಕು ಅಂತ ಎಷ್ಟು ಸಲ ಬಾಯಿ ತೆರೆದಳೋ. ಹೇಳಿ ಏನು ಬಂತು? ಹೋದವನು ಬರುವುದಿಲ್ಲ, ಇರುವವಳ ಸಮಾಧಾನವೂ ಹೋಗುತ್ತದೆ. ಮಗಳು ಒಂದು ತುತ್ತು ಉಣ್ಣುತ್ತಿದ್ದುದು ಆ ಗೆರೆಯ ಧೈರ್ಯದಿಂದ. ಅದನ್ನೂ ಕಿತ್ತುಕೊಳ್ಳಲೇ ಅಂತ ಮತ್ತೆ ಬಾಯಿ ಮುಚ್ಚುತ್ತಿದ್ದಳು. ಹಾಗೇ ಮುಚ್ಚಿಕೊಂಡು ಇದ್ದುಬಿಡುತ್ತಿದ್ದಳೇನೋ.

ಒಂದು ರಜೆಯ ದಿನ ಬೆಳಗ್ಗೆ ಎದುರುಮನೆಯ ಡ್ರೈವರು ಬಂದ. ರಾಟೆಯ ಪಕ್ಕದ ಸ್ಟೂಲಿನ ಮೇಲೆ ಕೂತು, ಸ್ವಲ್ಪ ಹೊತ್ತು ಅದು ಇದು ಮಾತಾಡಿ, ವಿಷಯಕ್ಕೆ ಬಂದ. ಅವನ ತಾಯಿಗೂ ಅದೇ ಕಾಯಿಲೆ ಅಂತೆ. ಎದೆ ಇದ್ದಕ್ಕಿದ್ದ ಹಾಗೆ ಓಡುತ್ತದೆ, ರಾತ್ರಿಯಿಂದ ಜಾಸ್ತಿ.

"ಆಸ್ಪತ್ರೆಗೆ ಹೋಗೋಣ ಅಂದ್ರೆ ನಮ್ಮಮ್ಮ ಜಪ್ಪಯ್ಯ ಅಂದ್ರೂ ಒಪ್ತಿಲ್ಲ. ನೀನು ಅಯ್ಯಂಗೆ ತಂದಿದ್ಯಲ್ಲ, ಅಂಥ ವಾಚು ಒಂದು ಕೊಡಿಸು ತಂಗಿ. ಕಟ್ಟಿ ನೋಡ್ತೀನಿ. ಅದು ಸರಿ ಇದೆ ಅಂದ್ರೆ ಸರಿ, ಇಲ್ಲಾಂದ್ರೆ ಆಮೇಲೆ ನೋಡೋಣ."

"ಕೊಡಿಸ್ತೀನಣ್ಣ" ಅಂದಳು ಮಗಳು. "ನಮ್ಮಪ್ಪಂಗೆ ಕೊನೇ ನಿಮಿಷದವರೆಗೂ ಸರಿಯಾಗೇ ತೋರಿಸಿತು. ಬೇಕಾದ್ರೆ ಅಪ್ಪಂದೇ ತಗೊಂಡು ಹೋಗಿ, ಇವತ್ತೇ ಕಟ್ಟಿ." ಎದ್ದು ಮೊಳೆಯಿಂದ ವಾಚು ತೆಗೆದು ಅವನ ಮುಂದೆ ಹಿಡಿದಳು.

ಕಂಡಿಕೆಯಮ್ಮ ರಾಟೆ ಬಿಟ್ಟು ಎದ್ದಳು. ಎದುರುಮನೆಯ ಮುದುಕಿ ಅವಳ ಕಣ್ಣೆದುರು ಬಂದಳು. ಹಗಲೆಲ್ಲ ಮಡಿಲಲ್ಲಿ ಮೊರವಿಟ್ಟುಕೊಂಡು ಅಕ್ಕಿ ಕೇರುವ, ಕಾಳು ಕೇರುವ ಕೈ. ಅದರ ಮೇಲೆ ಈ ವಾಚು. ಅದು ಮೊರದ ತಾಳ ಎಣಿಸಿ ಎಪ್ಪತ್ತಾರು ಅನ್ನುತ್ತದೆ. ಡ್ರೈವರು ನೆಮ್ಮದಿಯಾಗಿ ಬಸ್ಸು ಹತ್ತುತ್ತಾನೆ.

"ಇಲ್ಲಿ ಕೊಡು" ಅಂದಳು.

ಮಗಳ ಕೈಯಿಂದ ವಾಚು ತೆಗೆದುಕೊಂಡು ಮಗ್ಗದ ಹತ್ತಿರ ಹೋದಳು. ಹಲಗೆಯ ಹಿಡಿಗೆ ಸುತ್ತಿದ್ದ ಹಳೆ ಬಟ್ಟೆ ಇನ್ನೂ ಅಲ್ಲೇ ಇತ್ತು. ಅದರ ಮೇಲೆ ವಾಚು ಬಿಗಿದಳು. ಮಣೆ ಹತ್ತಿ ಕೂತಳು. ಧೂಳು ಹಿಡಿದ ಹಗ್ಗ ಎಳೆದಳು. ವಾರಗಟ್ಟಲೆ ಮೌನವಾಗಿದ್ದ ಮನೆಯೊಳಗೆ ಗಡಿಯಾರದಯ್ಯನ ಸದ್ದು ಎದ್ದಿತು.

"ಅಮ್ಮಾ, ನಿನಗೆ ನೇಯೋಕೆ ಬರುತ್ತಾ?" ಮಗಳು ಬೆರಗಾಗಿ ಕೇಳಿದಳು.

ತಾಯಿ ಬಡಿಯುತ್ತಲೇ ಇದ್ದಳು. ಕಿಟಕಿಯ ಕಟ್ಟೆಯ ಮೇಲಿದ್ದ ಮಗಳ ಫೋನು ತಾನೇ ಎಚ್ಚರವಾಯಿತು. ಮೇಲೆ "ಅಪ್ಪ" ಅಂತ ಹೆಸರು. ಕೆಳಗೆ ಕೆಂಪು ಹೃದಯ ಕುಣಿಯತೊಡಗಿತು. ಎಪ್ಪತ್ತೆರಡು. ಎಪ್ಪತ್ತೈದು. ಎಪ್ಪತ್ತಾರು.

ಮಗಳು ಫೋನನ್ನು ನೋಡಿದಳು, ಹಲಗೆಯನ್ನು ನೋಡಿದಳು, ತಾಯಿಯ ಬರಿಗೈಗಳನ್ನು ನೋಡಿದಳು.

"ಆವತ್ತು..." ಅಂದಳು. ಫೋನು ಕೈಗೆತ್ತಿಕೊಂಡಳು. ಆಮೇಲೆ ಕೇಳಿದಳು, "ಆವತ್ತು ಎಲ್ಲೀವರೆಗೆ ನೇಯ್ದೆ ಅಮ್ಮಾ?"

"ನೀನು ಫೋನ್ ಮಾಡೋವರೆಗೂ."

"ಹಾಗಾದ್ರೆ ಅಪ್ಪ ಕೇಳಿಸಿಕೊಳ್ಳಲಿಲ್ಲ."

"ಇಲ್ಲ ಮಗಳೇ." ಅವಳ ಕೈ ಈಗ ನಿಂತಿತು. "ನಾನು ಸುಳ್ಳು ಹೇಳಿದೆ. ಅವರು ಬೆಳಗ್ಗೆಯೇ ಎದೆ ಹಿಡ್ಕೊಂಡು ಮಲಗಿದ್ರು. ನಿನಗೆ ತೊಂದರೆ ಆಗಬಾರದು ಅಂತ ನನ್ನನ್ನ ಕೂರಿಸಿದ್ರು. ನಿದ್ದೆ ಬಂದಿದೆ ಅಂದ್ಕೊಂಡು ನಾನು ನೇಯ್ತಾನೇ ಇದ್ದೆ." ಡ್ರೈವರಿನ ಕಡೆ ತಿರುಗಿದಳು. "ಇದು ಮರಕ್ಕೂ ನಾಡಿ ಹೇಳುತ್ತೆ ಕಣಪ್ಪ. ನಿಮ್ಮಮ್ಮ ಬೈದ್ರೂ ಸರಿ, ಹೊತ್ಕೊಂಡಾದ್ರೂ ಸರಿ, ಈಗಲೇ ಆಸ್ಪತ್ರೆಗೆ ಹೋಗು."

ಅವನು ಎದ್ದ. ಬಾಗಿಲಲ್ಲಿ ಚಪ್ಪಲಿ ಹುಡುಕುವಾಗ ಕಣ್ಣೊರೆಸಿಕೊಂಡ.

ಮಗಳು ತಾಯಿಯನ್ನು ಬೈಯಲಿಲ್ಲ. ಬೈದಿದ್ದರೆ ಕಂಡಿಕೆಯಮ್ಮನಿಗೆ ಹಗುರವಾಗುತ್ತಿತ್ತು. ಅವಳು ಮಲಗುವ ಕೋಣೆಗೆ ಹೋಗಿ, ಅಪ್ಪ ಕೈ ಆನಿಸಿದ್ದ ಗೋಡೆಯ ಕಡೆ ನೋಡುತ್ತಾ ತುಂಬಾ ಹೊತ್ತು ನಿಂತಿದ್ದಳು. ಎದುರುಮನೆಯ ಮುಂದೆ ಆಟೋ ಬಂದು ನಿಂತದ್ದು, ಮುದುಕಿ ಗೊಣಗುತ್ತಾ ಹತ್ತಿದ್ದು, ಆಟೋ ಹೊರಟದ್ದು ಎಲ್ಲ ಕೇಳಿಸಿತು. ಆಮೇಲೆ ಮಗಳು ಈಚೆ ಬಂದು ಮಗ್ಗದ ಪಕ್ಕ ನಿಂತಳು. ಫೋನಿನಲ್ಲಿ ಎರಡು ಗೀಟು. ಅದನ್ನು ಬೋರಲು ಹಾಕಿಟ್ಟಳು.

"ಅಪ್ಪ ಎಲ್ಲಿ ನಿಲ್ಲಿಸಿದ್ರು?" ಅಂತ ಕೇಳಿದಳು. "ಆವತ್ತು ಬೆಳಗ್ಗೆ. ಅಪ್ಪಂದು ಎಲ್ಲೀವರೆಗಿದೆ, ತೋರಿಸಮ್ಮಾ. ಅದನ್ನ ನಾನು ಮುಟ್ಟಬೇಕು."

ಕಂಡಿಕೆಯಮ್ಮ ಬಟ್ಟೆಯ ಮೇಲೆ ಬಗ್ಗಿದಳು. ಕಣ್ಣೀರು ಬೀಳದಂತೆ ಸೆರಗಿನಿಂದ ಮುಖ ಒರೆಸಿಕೊಂಡು, ಬೆರಳ ತುದಿಯಿಂದ ಎಳೆ ಎಳೆ ಸವರುತ್ತಾ ಹಿಂದಕ್ಕೆ ಹೋದಳು, ಮತ್ತೆ ಮುಂದಕ್ಕೆ ಬಂದಳು. ಒಂದು ಬಡಿತ ತಡವಾಗಿ ಬಿದ್ದಿತ್ತಲ್ಲ, ಆ ಜಾಗವಾದರೂ ಸಿಗಬೇಕಿತ್ತು. ಕಣ್ಣು ಮುಚ್ಚಿ ಅಂಗೈ ಆಡಿಸಿ ನೋಡಿದಳು. ಮಗಳು ಕೈ ಚಾಚಿಕೊಂಡು ಕಾಯುತ್ತಿದ್ದಳು. ಬಟ್ಟೆ ಈ ತುದಿಯಿಂದ ಆ ತುದಿಯವರೆಗೂ ಒಂದೇ ಸಮ ಇತ್ತು.

"ಗೊತ್ತಾಗ್ತಿಲ್ಲ ಮಗಳೇ" ಅಂದಳು.